ಹೊರಗಿನ ಸಂಕೇತ ಒಳಗಿನ ಆಕ್ಟಿನ್‌ಗೆ ಮುಟ್ಟುವುದು ಹೇಗೆ: ವಾಸ್ಪ್ ಮತ್ತು ಅದರ ಬಳಗವನ್ನು ಕಲಿಯುವ ದಾರಿ

ಸೆಲ್ ಬಯಾಲಜಿ ಪೇಪರಿನಲ್ಲಿ ಒಂದು ಪ್ರಶ್ನೆ ತಿರುಗಿ ಮುರುಗಿ ಬರುತ್ತಲೇ ಇರುತ್ತದೆ. ಜೀವಕೋಶಕ್ಕೆ ಹೊರಗಿನಿಂದ ಒಂದು ಸಂಕೇತ ಬಂತು. ಒಳಗಿನ ಆಕ್ಟಿನ್ ಎಂಬ ಪ್ರೊಟೀನು ಎಳೆಗಳ ಹಂದರ ಬದಲಾಯಿತು, ಕೋಶ ಮುಂದಕ್ಕೆ ಚಾಚಿಕೊಂಡಿತು. ನಡುವೆ ಏನಾಯಿತು? ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಎಂಎಸ್ಸಿ ವಿದ್ಯಾರ್ಥಿಗಳ ಉತ್ತರಪತ್ರಿಕೆ ನೋಡಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹತ್ತು ಹೆಸರು, ಒಂಬತ್ತು ಬಾಣ. ಹೆಸರು ಎಲ್ಲಾ ಸರಿ ಇರುತ್ತವೆ. ಆದರೆ ಒಂದು ಬಾಣದ ಮೇಲೆ ಬೆರಳಿಟ್ಟು "ಇಲ್ಲಿ ಏನಾಗುತ್ತದೆ?" ಎಂದು ಕೇಳಿದರೆ ಮಾತು ನಿಂತುಬಿಡುತ್ತದೆ.

ಹತ್ತನೇ ತರಗತಿ ತನಕ ಕನ್ನಡದಲ್ಲಿ ಓದಿ ಬಂದವರಿಗೆ ಇದು ಇನ್ನೂ ಜಾಸ್ತಿ ಕಾಡುತ್ತದೆ. ಇಂಗ್ಲಿಷ್ ಪುಸ್ತಕದ ಸಾಲನ್ನು ಉರು ಹೊಡೆಯುವುದು ಸುಲಭ, ಅರ್ಥ ಬಿಡಿಸಲು ಯಾರೂ ಪಕ್ಕದಲ್ಲಿ ಇರಲ್ಲ. ಅಂಥವರಿಗಾಗಿ ಈ ಲೇಖನ. ವಾಸ್ಪ್ ಎಂದರೆ ಸಂಕೇತವನ್ನು ಆಕ್ಟಿನ್ ತನಕ ಮುಟ್ಟಿಸುವ ನಡುವಿನ ಪ್ರೊಟೀನುಗಳಲ್ಲಿ ಒಂದು. ನನ್ನ ಸಲಹೆ ಇಷ್ಟೇ: ನಡುವೆ ಬರುವ ಪ್ರತಿಯೊಂದು ಪ್ರೊಟೀನಿನ ಬಗ್ಗೆಯೂ "ಇದು ಸುಮ್ಮನಿರುವಾಗ ಇದನ್ನು ಮುಚ್ಚಿಟ್ಟಿರುವುದು ಯಾವುದು, ತೆರೆಯುವುದು ಯಾವುದು" ಎಂದು ಕೇಳಿ. ಹೆಸರು ಆಮೇಲೆ ತಾನಾಗಿಯೇ ನೆನಪಿರುತ್ತದೆ.

ಮೊದಲು ಕಣ್ಣಿನಿಂದ ನೋಡಿ

ಆಕ್ಟಿನ್ ಎಳೆ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಕಾಣಲ್ಲ. ಅದರ ದಪ್ಪ ಸುಮಾರು 7 ನ್ಯಾನೋಮೀಟರ್ ಅಷ್ಟೇ. ಆದರೆ ಅದು ಮಾಡುವ ಕೆಲಸ ಕಾಣುತ್ತದೆ. ಇದಕ್ಕೆ ಬೇಕಾದದ್ದು ಒಂದು ಉಳ್ಳಾಗಡ್ಡಿ. ನಮ್ಮ ಕಡೆ ಅದಕ್ಕೇನು ಬರ ಇಲ್ಲ.

ತಾಜಾ ಗಡ್ಡೆಯನ್ನೇ ಆರಿಸಿ. ಒಣಗಿದ ಸಿಪ್ಪೆ ಬಿಟ್ಟು, ಒಳಗಿನ ರಸ ತುಂಬಿದ ಪದರ ಒಂದನ್ನು ತೆಗೆದುಕೊಳ್ಳಿ. ಅದರ ಒಳಮೈಯಲ್ಲಿ ಬ್ಲೇಡಿನಿಂದ ಸಣ್ಣ ಚೌಕ ಗೀರಿ, ಚಿಮಟದಿಂದ ತೆಳು ಪೊರೆ ಎತ್ತಿ, ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿ ಮಡಿಕೆ ಬೀಳದಂತೆ ಹರಡಿ. ಮೇಲೆ ಕವರ್ ಸ್ಲಿಪ್ ಇಡಿ. ಅಯೋಡಿನ್ ಹಾಕಲೇಬೇಡಿ. ಪಿಯುಸಿ ಲ್ಯಾಬಿನ ಅಭ್ಯಾಸಕ್ಕೆ ಕೈ ತಾನಾಗಿ ಬಾಟಲಿ ಕಡೆ ಹೋಗುತ್ತದೆ, ಆದರೆ ಅಯೋಡಿನ್ ಬಿದ್ದರೆ ಕೋಶ ಸಾಯುತ್ತದೆ, ನೋಡುವುದಕ್ಕೆ ಏನೂ ಉಳಿಯಲ್ಲ.

ಐದು ಹತ್ತು ನಿಮಿಷ ಹಾಗೇ ಬಿಡಿ. ಆಮೇಲೆ 10ರ ಲೆನ್ಸಿನಲ್ಲಿ ಕೋಶ ಹುಡುಕಿ, 40ರ ಲೆನ್ಸಿಗೆ ಹೋಗಿ. ಕೆಳಗಿನ ಡಯಾಫ್ರಾಮನ್ನು ಸ್ವಲ್ಪ ಮುಚ್ಚಿ, ಬೆಳಕು ಕಡಿಮೆ ಮಾಡಿ. ಕೋಶದ ಗೋಡೆಗೆ ಅಂಟಿಕೊಂಡ ಅಂಚನ್ನೇ ದಿಟ್ಟಿಸಿ ನೋಡಿ. ಸಣ್ಣ ಸಣ್ಣ ಚುಕ್ಕಿಗಳು ಸಾಲಾಗಿ ಹರಿಯುತ್ತಿರುತ್ತವೆ. ಕೆಲವು ಕಡೆ ಕೋಶದ ನಡುವೆ ಹಾದುಹೋಗುವ ತೆಳು ದಾರದ ಮೇಲೂ ಓಡುತ್ತವೆ, ಒಂದೇ ದಾರದಲ್ಲಿ ಎರಡು ದಿಕ್ಕಿಗೂ ಹೋಗುವುದುಂಟು. ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ನೋಡಿದರೆ ಓಟ ತೀರಾ ನಿಧಾನ ಇರಬಹುದು. ಹನಿ ಹಾಕುವ ನೀರು ಉಗುರುಬೆಚ್ಚಗಿರಲಿ.

ಆ ಚುಕ್ಕಿಗಳನ್ನು ಎಳೆದೊಯ್ಯುತ್ತಿರುವುದು ಮಯೋಸಿನ್ ಪ್ರೊಟೀನು. ಅದು ಓಡುತ್ತಿರುವ ದಾರಿಯೇ ಆಕ್ಟಿನ್. ಒಂದು ಎಚ್ಚರಿಕೆ: ಮುಂದೆ ಹೇಳುವ ವಾಸ್ಪ್ ಸಸ್ಯಗಳಲ್ಲಿ ಇಲ್ಲ. ಅದರ ಸಂಬಂಧಿಯಾದ ವೇವ್ ಗುಂಪಿನ ಪ್ರೊಟೀನು ಇದೆ. ಉಳ್ಳಾಗಡ್ಡಿ ತೋರಿಸಿ "ಇಲ್ಲಿ ವಾಸ್ಪ್ ಕೆಲಸ ಮಾಡುತ್ತಿದೆ" ಎಂದು ಸೆಮಿನಾರಿನಲ್ಲಿ ಹೇಳಬೇಡಿ, ಯಾರಾದರೂ ಹಿಡಿದುಬಿಡುತ್ತಾರೆ. ಪ್ರಾಣಿ ಕಡೆಯ ಚಲನೆ ಬೇಕೆಂದರೆ ಕೆರೆಯ ಕೆಸರು ನೀರಿನಲ್ಲಿ ಅಮೀಬಾ ಹುಡುಕಬಹುದು. ಸಿಕ್ಕರೆ ಅದೃಷ್ಟ. ಕೈ ಮಾತ್ರ ಚೆನ್ನಾಗಿ ತೊಳೆದುಕೊಳ್ಳಿ.

ಆಕ್ಟಿನ್ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು

1942ರಲ್ಲಿ ಹಂಗೇರಿಯ ಸೆಗೆಡ್‌ನಲ್ಲಿ, ಆಲ್ಬರ್ಟ್ ಸೆಂಟ್-ಜಾರ್ಜಿ ಅವರ ಪ್ರಯೋಗಾಲಯದಲ್ಲಿ ಬ್ರೂನೋ ಸ್ಟ್ರಾಬ್ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿದರು. 375 ಅಮೈನೋ ಆಮ್ಲ, ತೂಕ ಸುಮಾರು 42 ಕಿಲೋಡಾಲ್ಟನ್. ಬಿಡಿ ಬಿಡಿಯಾಗಿದ್ದರೆ ಜಿ-ಆಕ್ಟಿನ್, ಒಂದಕ್ಕೊಂದು ಜೋಡಿಸಿಕೊಂಡು ಎಳೆಯಾದರೆ ಎಫ್-ಆಕ್ಟಿನ್. ಎಳೆಯ ಎರಡು ತುದಿ ಒಂದೇ ಥರ ಇಲ್ಲ. ಒಂದು ತುದಿ ಬೇಗ ಬೆಳೆಯುತ್ತದೆ, ಇನ್ನೊಂದು ನಿಧಾನ.

ಇವೆಲ್ಲ ಪುಸ್ತಕದಲ್ಲಿ ಇರುತ್ತವೆ. ಆದರೆ ಒಂದು ವಿಷಯಕ್ಕೆ ಮಾತ್ರ ಗೆರೆ ಎಳೆದಿಟ್ಟುಕೊಳ್ಳಿ. ಎಳೆ ಬೆಳೆಯುವುದು ಕಷ್ಟ ಅಲ್ಲ, ಶುರುವಾಗುವುದು ಕಷ್ಟ. ಎರಡು ಆಕ್ಟಿನ್ ಸೇರಿದರೆ ಬೇಗ ಬಿಟ್ಟುಹೋಗುತ್ತವೆ. ಮೂರು ನಾಲ್ಕು ಸೇರಿ ಒಂದು ಬೀಜ ಆದರೆ ಮಾತ್ರ ಮುಂದಿನದು ಸರಸರ ನಡೆಯುತ್ತದೆ. ಕೋಶ ಹಿಡಿತ ಇಟ್ಟಿರುವುದು ಇದೇ ಜಾಗದಲ್ಲಿ. ಬೀಜ ಎಲ್ಲಿ, ಯಾವಾಗ ಬೀಳಬೇಕು ಎಂದು ತೀರ್ಮಾನ ಮಾಡಿದರೆ, ಆಕ್ಟಿನ್ ಎಲ್ಲಿ ಬೆಳೆಯಬೇಕು ಎಂಬುದೂ ತೀರ್ಮಾನ ಆದ ಹಾಗೆ.

ಬೀಜ ಹಾಕುವ ದೊಡ್ಡ ಯಂತ್ರ ಆರ್ಪ್2/3. ಏಳು ಪ್ರೊಟೀನು ಸೇರಿದ ಕಟ್ಟು ಇದು. 1994ರಲ್ಲಿ ಲಾರಾ ಮಚೆಸ್ಕಿ, ಥಾಮಸ್ ಪೊಲಾರ್ಡ್ ಮತ್ತು ಜೊತೆಗಾರರು ಇದನ್ನು ಅಕಾಂತಅಮೀಬಾದಲ್ಲಿ ಕಂಡರು. ಹಳೆಯ ಎಳೆಯ ಪಕ್ಕಕ್ಕೆ ಕೂತು, ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಹೊರಡಿಸುತ್ತದೆ. ಆದರೆ ತನ್ನಷ್ಟಕ್ಕೆ ತಾನು ಇದು ಸೋಮಾರಿ. ಎಬ್ಬಿಸುವವರು ಬೇಕು.

ಮೂರು ಸ್ವಿಚ್

ಇನ್ನು ಸಂಕೇತದ ಕಡೆಯಿಂದ ಬರೋಣ. ಹೊರಗಿನ ಹಾರ್ಮೋನು ಅಥವಾ ಬೆಳವಣಿಗೆ ಅಂಶ ಪೊರೆಯ ಮೇಲಿನ ಗ್ರಾಹಕಕ್ಕೆ ಅಂಟುತ್ತದೆ. ಅಲ್ಲಿಂದ ಸುದ್ದಿ ಕೊನೆಗೆ ರೋ ಕುಟುಂಬದ ಸಣ್ಣ ಪ್ರೊಟೀನುಗಳಿಗೆ ಬರುತ್ತದೆ. ಜಿಟಿಪಿ ಎಂಬ ಸಣ್ಣ ಅಣು ಹಿಡಿದಾಗ ಇವು ಆನ್, ಅದರಲ್ಲಿ ಒಂದು ಫಾಸ್ಫೇಟ್ ಕಡಿಮೆ ಇರುವ ಜಿಡಿಪಿ ಹಿಡಿದಾಗ ಆಫ್. ಮುಖ್ಯವಾದವು ಮೂರು: ರೋ, ರ‍್ಯಾಕ್, ಸಿಡಿಸಿ42.

1992ರಲ್ಲಿ ಆನ್ ರಿಡ್ಲಿ ಮತ್ತು ಅಲನ್ ಹಾಲ್ ಇಲಿಯ 3ಟಿ3 ಕೋಶಗಳಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಓದಲೇಬೇಕು. ರೋ ಆನ್ ಆದರೆ ಕೋಶದ ಉದ್ದಕ್ಕೂ ಬಿಗಿಯಾದ ಆಕ್ಟಿನ್ ಕಟ್ಟುಗಳು ಬಂದವು. ರ‍್ಯಾಕ್ ಆನ್ ಆದರೆ ಅಂಚಿನಲ್ಲಿ ನೆರಿಗೆಯಂಥ ಹಾಳೆ ಎದ್ದಿತು. ಸಿಡಿಸಿ42 ಆನ್ ಆದರೆ ಸಣ್ಣ ಕಡ್ಡಿಗಳಂತೆ ಮುಳ್ಳು ಹೊರಟಿತು. ಈ ಸಿಡಿಸಿ42 ಭಾಗವನ್ನು ಆಮೇಲೆ, 1995ರಲ್ಲಿ, ಕ್ಯಾಥರೀನ್ ನೋಬ್ಸ್ ಮತ್ತು ಹಾಲ್ ತೋರಿಸಿದರು. ಅದೇ ಆಕ್ಟಿನ್, ಮೂರು ಸ್ವಿಚ್, ಮೂರು ಆಕಾರ.

ಪ್ರಬಂಧಗಳಲ್ಲಿ ರ‍್ಯಾಕ್ ಹೆಸರಿನ ಪಕ್ಕ ವಿ12 ಅಥವಾ ಎಲ್61 ಎಂದಿದ್ದರೆ ಯಾವಾಗಲೂ ಆನ್ ಇರುವ ರೂಪ ಎಂದರ್ಥ. ಎನ್17 ಎಂದಿದ್ದರೆ ಕೆಲಸ ತಡೆಯುವ ರೂಪ. ಇದು ಗೊತ್ತಿದ್ದರೆ ಅರ್ಧ ಚಿತ್ರಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಮತ್ತೆ, ರೋ ಕೈನೇಸ್‌ಗೆ (ಕೈನೇಸ್ ಎಂದರೆ ಫಾಸ್ಫೇಟ್ ಸೇರಿಸುವ ಕಿಣ್ವ) ರಾಕ್ ಎಂದೂ ಹೆಸರಿದೆ. ರ‍್ಯಾಕ್ ಬೇರೆ, ರಾಕ್ ಬೇರೆ. ವೈವಾದಲ್ಲಿ ಗಡಿಬಿಡಿಯಲ್ಲಿ ಅದಲುಬದಲು ಆಗುತ್ತದೆ, ಹುಷಾರು.

ನಡುವಿನವರು: ಇಲ್ಲಿ ನಿಧಾನವಾಗಿ ಓದಿ

ಸ್ವಿಚ್ ಆನ್ ಆಯಿತು. ಆರ್ಪ್2/3 ಇನ್ನೂ ಮಲಗಿದೆ. ಇವೆರಡನ್ನು ಜೋಡಿಸುವುದು ವಾಸ್ಪ್ ಕುಟುಂಬ. ವಾಸ್ಪ್ ರಕ್ತದ ಕೋಶಗಳಲ್ಲಿ ಮಾತ್ರ ಇರುತ್ತದೆ. ಅದರ ಅಣ್ಣತಮ್ಮ ಎನ್-ವಾಸ್ಪ್ ಬಹುತೇಕ ಎಲ್ಲ ಕಡೆ ಇರುತ್ತದೆ. ಜಪಾನಿನ ತಡಾವೋಮಿ ತಕೆನಾವಾ ಅವರ ತಂಡ 1996ರಲ್ಲಿ ಎನ್-ವಾಸ್ಪ್ ಬಗ್ಗೆ ವರದಿ ಮಾಡಿತು.

ಈಗ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಉದ್ದಕ್ಕೆ ಒಂದು ಪಟ್ಟಿ ಎಳೆಯಿರಿ. ಎಡಗಡೆಯಿಂದ ಬಲಗಡೆಗೆ ಐದು ಭಾಗ ಮಾಡಿ. ಮೊದಲನೆಯದು ಡಬ್ಲ್ಯುಎಚ್1, ವಿಪ್ ಎಂಬ ಜೊತೆಗಾರ ಪ್ರೊಟೀನು ಹಿಡಿದುಕೊಳ್ಳುವ ಜಾಗ. ಎರಡನೆಯದು ಧನ ವಿದ್ಯುದಾವೇಶ ಇರುವ ಸಣ್ಣ ತುಂಡು, ಪೊರೆಯಲ್ಲಿರುವ ಪಿಐಪಿ2 ಎಂಬ ಕೊಬ್ಬು ಇಲ್ಲಿಗೆ ಅಂಟುತ್ತದೆ. ಮೂರನೆಯದು ಜಿಬಿಡಿ, ಸಿಡಿಸಿ42 ಬಂದು ಕೂರುವ ಜಾಗ. ನಾಲ್ಕನೆಯದು ಪ್ರೋಲೀನ್ ತುಂಬಿದ ಭಾಗ, ಎನ್‌ಸಿಕೆ, ಜಿಆರ್‌ಬಿ2, ಪ್ರೊಫಿಲಿನ್ ಎಂಬ ಪ್ರೊಟೀನುಗಳು ಇಲ್ಲಿ ಹಿಡಿಯುತ್ತವೆ. ಕೊನೆಯದು ವಿಸಿಎ. ಇದರ ಒಂದು ತುದಿ ಆಕ್ಟಿನ್ ಹಿಡಿಯುತ್ತದೆ, ಇನ್ನೊಂದು ತುದಿ ಆರ್ಪ್2/3 ಹಿಡಿಯುತ್ತದೆ. ಎರಡನ್ನೂ ಹತ್ತಿರ ತಂದು ಬೀಜ ಹಾಕಿಸುತ್ತದೆ. ನಿಜವಾದ ಕೆಲಸಗಾರ ಈ ವಿಸಿಎ.

ಚಿತ್ರ ಮುಗಿಯಿತಾ? ಈಗ ಹಾಳೆಯನ್ನು ಮಡಿಚಿ, ಕೊನೆಯ ಭಾಗ ಮೂರನೆಯ ಭಾಗದ ಮೇಲೆ ಬಂದು ಕೂರುವ ಹಾಗೆ. ವಾಸ್ಪ್ ಸುಮ್ಮನಿರುವಾಗ ಹೀಗೇ ಇರುತ್ತದೆ. ಜಿಬಿಡಿ ತನ್ನದೇ ಬಾಲವನ್ನು ಒತ್ತಿ ಹಿಡಿದಿರುತ್ತದೆ. 2000ದಲ್ಲಿ ಮೈಕೆಲ್ ರೋಸನ್ ಅವರ ತಂಡ ಈ ಮಡಿಕೆಯ ರಚನೆಯನ್ನೇ ಬಿಡಿಸಿ ತೋರಿಸಿತು. ಸಿಡಿಸಿ42 ಬಂದು ಜಿಬಿಡಿಗೆ ಅಂಟಿದಾಗ ಬಾಲ ಬಿಡುಗಡೆ ಆಗುತ್ತದೆ.

ಎನ್-ವಾಸ್ಪ್ ಚೆನ್ನಾಗಿ ತೆರೆಯಬೇಕೆಂದರೆ ಸಿಡಿಸಿ42 ಒಂದೇ ಸಾಕಾಗಲ್ಲ, ಪಿಐಪಿ2 ಕೂಡ ಬೇಕು. ಬ್ಯಾಂಕಿನ ಲಾಕರ್ ನೆನಪಿಸಿಕೊಳ್ಳಿ. ನಿಮ್ಮ ಕೈಯಲ್ಲಿ ಒಂದು ಕೀಲಿ, ಮ್ಯಾನೇಜರ್ ಕೈಯಲ್ಲಿ ಇನ್ನೊಂದು, ಎರಡೂ ಹಾಕದೆ ಬಾಗಿಲು ತೆರೆಯಲ್ಲ. ಕೋಶಕ್ಕೆ ಇದರಿಂದ ಏನು ಲಾಭ? ಸಿಡಿಸಿ42 ಆನ್ ಆಗಿರುವ ಜಾಗ, ಪಿಐಪಿ2 ಇರುವ ಪೊರೆ, ಎರಡೂ ಕೂಡಿ ಬಂದ ಕಡೆ ಮಾತ್ರ ಆಕ್ಟಿನ್ ಬೆಳೆಯುತ್ತದೆ. ಎಲ್ಲೆಂದರಲ್ಲಿ ಬೆಳೆದರೆ ಕೋಶ ಯಾವ ದಿಕ್ಕಿಗೂ ಹೋಗಲಾರದು, ಅಲ್ವಾ? ಈ ಒಂದು ಮಾತನ್ನು ಪರೀಕ್ಷೆಯಲ್ಲಿ ಬರೆದರೆ, ಹತ್ತು ಹೆಸರು ಬರೆದದ್ದಕ್ಕಿಂತ ಜಾಸ್ತಿ ಬೆಲೆ ಇದೆ ಎನ್ನುವುದು ನನ್ನ ಅಭಿಪ್ರಾಯ.

ಉಳಿದವರಿಗೂ ಇದೇ ಪ್ರಶ್ನೆ ಕೇಳಿ

ವೇವ್ ಸ್ವಲ್ಪ ಬೇರೆ. ಅದಕ್ಕೂ ವಿಸಿಎ ಬಾಲ ಇದೆ, ಆದರೆ ಜಿಬಿಡಿ ಇಲ್ಲ. ತನ್ನನ್ನು ತಾನೇ ಮುಚ್ಚಿಕೊಳ್ಳಲು ಬರಲ್ಲ. ಹಾಗಾಗಿ ಇನ್ನೂ ನಾಲ್ಕು ಪ್ರೊಟೀನುಗಳ ಜೊತೆ ಸೇರಿ ಒಂದು ಕಟ್ಟಾಗಿ ಕೂರುತ್ತದೆ. ಸೈಫಿಪ್1, ನ್ಯಾಪ್1, ಎಬಿಐ, ಎಚ್‌ಎಸ್‌ಪಿಸಿ300 ಆ ನಾಲ್ಕು. ಬಾಲವನ್ನು ಒತ್ತಿ ಹಿಡಿಯುವಲ್ಲಿ ಸೈಫಿಪ್1 ಪಾತ್ರ ದೊಡ್ಡದು. ರ‍್ಯಾಕ್ ಬಂದು ಆ ಸೈಫಿಪ್1ಗೇ ಅಂಟಿದಾಗ ಬಾಲ ಸಡಿಲವಾಗುತ್ತದೆ, ಅಂಚಿನಲ್ಲಿ ಕವಲೊಡೆದ ಆಕ್ಟಿನ್ ಹಾಳೆ ಬೆಳೆಯುತ್ತದೆ. ಇಲ್ಲೂ ಪೊರೆಯ ಕೊಬ್ಬು ಮತ್ತು ಫಾಸ್ಫೇಟ್ ಸೇರಿಸುವ ಕಿಣ್ವಗಳ ಸಹಾಯ ಬೇಕು.

ಫಾರ್ಮಿನ್ ಎಂಬ ಇನ್ನೊಂದು ಪ್ರೊಟೀನು ಗುಂಪಿನ ಎಂ-ಡಯಾ ರೋ ಕಡೆಯವನು. ಇವನೂ ತನ್ನ ಬಾಲವನ್ನು ತಾನೇ ಹಿಡಿದು ಕೂತಿರುತ್ತಾನೆ. ರೋ ಬಂದರೆ ಬಿಡುತ್ತಾನೆ. ಕವಲು ಹಾಕಲ್ಲ, ನೇರ ಎಳೆ ಬೆಳೆಸುತ್ತಾನೆ. ಬೆಳೆಯುವ ತುದಿಯಲ್ಲೇ ಕೂತು ಎಳೆಯ ಜೊತೆಗೇ ಸಾಗುತ್ತಾನೆ.

ಎಜ್ರಿನ್, ರಾಡಿಕ್ಸಿನ್, ಮೊಯೆಸಿನ್ ಎಂಬ ಮೂವರು ಆಕ್ಟಿನ್ ಬೆಳೆಸಲ್ಲ, ಪೊರೆಗೆ ಕಟ್ಟುತ್ತಾರೆ. ಎಜ್ರಿನ್‌ನ ತಲೆಯೂ ಬಾಲವೂ ಒಂದಕ್ಕೊಂದು ಅಂಟಿರುತ್ತವೆ. ಪಿಐಪಿ2 ಸಿಗಬೇಕು, 567ನೇ ಥ್ರಿಯೋನಿನ್‌ಗೆ ಫಾಸ್ಫೇಟ್ ಬೀಳಬೇಕು, ಆಗ ತೆರೆದುಕೊಳ್ಳುತ್ತದೆ. ನೋಡಿದಿರಾ, ಇಲ್ಲೂ ಎರಡು ಕೀಲಿ.

ಕೊಫಿಲಿನ್ ಮಾತ್ರ ಈ ಲೆಕ್ಕಕ್ಕೆ ಬರಲ್ಲ. ಅದು ತನ್ನಷ್ಟಕ್ಕೆ ತಾನು ತೆರೆದೇ ಇರುತ್ತದೆ, ಹಳೆಯ ಎಳೆಗಳನ್ನು ಕತ್ತರಿಸುತ್ತದೆ. ಲಿಮ್ ಕೈನೇಸ್ ಅದರ 3ನೇ ಸೆರೀನ್‌ಗೆ ಫಾಸ್ಫೇಟ್ ಹಾಕಿ ನಿಲ್ಲಿಸುತ್ತದೆ. ಸ್ಲಿಂಗ್‌ಶಾಟ್ ಎಂಬ ಕಿಣ್ವ ಅದನ್ನು ತೆಗೆದು ಮತ್ತೆ ಬಿಡುತ್ತದೆ. ಕೊಫಿಲಿನ್ ಬರೀ ಕೆಡವುವವನು ಎಂದು ಬರೆಯಬೇಡಿ. ಕತ್ತರಿಸಿದ ಕಡೆಯಲ್ಲೆಲ್ಲ ಹೊಸ ತುದಿ ಹುಟ್ಟುತ್ತದೆ, ಅಲ್ಲಿಂದ ಮತ್ತೆ ಬೆಳೆಯಬಹುದು.

ಪೈರೀನ್ ಗ್ರಾಫ್ ಓದಲು ಕಲಿಯಿರಿ

ಈ ವಿಷಯದ ಪ್ರಬಂಧ ಯಾವುದನ್ನೇ ತೆಗೆಯಿರಿ, ಒಂದು ಗ್ರಾಫ್ ಇದ್ದೇ ಇರುತ್ತದೆ. ಅಡ್ಡಕ್ಕೆ ಸೆಕೆಂಡು, ಮೇಲಕ್ಕೆ ಹೊಳಪು. ಐದಾರು ಗೆರೆಗಳು. ಇದನ್ನು ಓದಲು ಬಂದರೆ ನೀವು ಉಳಿದವರಿಗಿಂತ ಒಂದು ಮೆಟ್ಟಿಲು ಮೇಲೆ.

ಆಕ್ಟಿನ್‌ನ ಸ್ವಲ್ಪ ಪಾಲಿಗೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟಕ್ಕೆ, ಪೈರೀನ್ ಎಂಬ ಹೊಳೆಯುವ ಅಣು ಅಂಟಿಸಿರುತ್ತಾರೆ. ಬಿಡಿ ಆಕ್ಟಿನ್‌ನಲ್ಲಿ ಅದು ಮಂಕಾಗಿರುತ್ತದೆ. ಎಳೆಯೊಳಗೆ ಸೇರಿದರೆ ಹೊಳಪು ಹಲವು ಪಟ್ಟು ಏರುತ್ತದೆ. ಅಂದರೆ ಹೊಳಪು ಏರಿತು ಎಂದರೆ ಎಳೆ ಬೆಳೆಯಿತು.

ಒಂದು ಗ್ರಾಫ್ ಶೀಟಿನಲ್ಲಿ ನೀವೇ ಕೈಯಿಂದ ಗೆರೆ ಎಳೆಯಿರಿ. ಮೊದಲು ಆಕ್ಟಿನ್ ಮಾತ್ರ. ಬಹಳ ಹೊತ್ತು ನೆಲಕ್ಕೆ ಅಂಟಿಕೊಂಡೇ ಹೋಗಿ, ಆಮೇಲೆ ಮೆಲ್ಲಗೆ ಏರುತ್ತದೆ. ಆ ಚಪ್ಪಟೆ ಭಾಗವೇ ಬೀಜ ಸಿಗದೆ ಕಾಯುವ ಹೊತ್ತು. ಎರಡನೆಯದು ಆಕ್ಟಿನ್ ಜೊತೆ ಆರ್ಪ್2/3. ಹೆಚ್ಚು ವ್ಯತ್ಯಾಸ ಇಲ್ಲ, ಸೋಮಾರಿ ಅಂದೆನಲ್ಲ. ಮೂರನೆಯದು ಆರ್ಪ್2/3 ಜೊತೆ ಬರೀ ವಿಸಿಎ ತುಂಡು. ಕಾಯುವ ಹೊತ್ತು ಹೆಚ್ಚುಕಡಿಮೆ ಮಾಯ, ಗೆರೆ ಕಡಿದಾಗಿ ಮೇಲೇರುತ್ತದೆ. ನಾಲ್ಕನೆಯದು ಆರ್ಪ್2/3 ಜೊತೆ ಇಡೀ ಎನ್-ವಾಸ್ಪ್. ಅದರಲ್ಲೂ ಅದೇ ವಿಸಿಎ ಇದೆ, ಆದರೂ ಗೆರೆ ಮೂರನೆಯದಕ್ಕಿಂತ ಕೆಳಗೇ ಉಳಿಯುತ್ತದೆ. ಯಾಕೆ? ಬಾಲ ಮಡಿಚಿಕೊಂಡಿದೆ. ಐದನೆಯದಕ್ಕೆ ಸಿಡಿಸಿ42 ಮತ್ತು ಪಿಐಪಿ2 ಎರಡನ್ನೂ ಸೇರಿಸಿ. ಗೆರೆ ಮತ್ತೆ ಎದ್ದು ನಿಲ್ಲುತ್ತದೆ.

1999ರಲ್ಲಿ ರಜತ್ ರೋಹಟ್ಗಿ, ಮಾರ್ಕ್ ಕಿರ್ಶ್ನರ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ಸಂಕೇತದಿಂದ ಆಕ್ಟಿನ್ ತನಕ ಒಂದು ಪೂರ್ತಿ ದಾರಿ, ಶುದ್ಧ ಮಾಡಿದ ಪ್ರೊಟೀನುಗಳಿಂದ, ಕೋಶದ ಹೊರಗೆ. ಗ್ರಾಫ್ ನೋಡುವಾಗ ಎರಡು ಜಾಗಕ್ಕೆ ಕಣ್ಣು ಹೋಗಲಿ: ಚಪ್ಪಟೆ ಭಾಗ ಎಷ್ಟು ಉದ್ದ, ಏರುವಾಗ ಎಷ್ಟು ಕಡಿದು. ಕೊನೆಯ ಎತ್ತರ ನೋಡಿ ಮೋಸ ಹೋಗಬೇಡಿ. ಆಕ್ಟಿನ್ ಪ್ರಮಾಣ ಒಂದೇ ಇದ್ದರೆ ಸಾಕಷ್ಟು ಹೊತ್ತು ಬಿಟ್ಟಾಗ ಎಲ್ಲ ಗೆರೆಗಳೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತವೆ.

ಮೊಬೈಲಿನಲ್ಲೇ ಮಾಡುವ ಕೆಲಸ

ಪ್ರೊಟೀನುಗಳ ಮಾಹಿತಿ ಇಟ್ಟಿರುವ ಯೂನಿಪ್ರಾಟ್ ಜಾಲತಾಣ ಉಚಿತ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಪಿ42768 ಎಂದು ಟೈಪ್ ಮಾಡಿ. ಮನುಷ್ಯರ ವಾಸ್ಪ್ ತೆರೆಯುತ್ತದೆ, 502 ಅಮೈನೋ ಆಮ್ಲ. ನೀವು ಹಾಳೆಯಲ್ಲಿ ಬರೆದ ಭಾಗಗಳು ಎಷ್ಟನೇ ಸಂಖ್ಯೆಯಿಂದ ಎಷ್ಟರ ತನಕ ಎಂದು ಗುರುತಿಸಿ. 270ನೇ ಜಾಗದಲ್ಲಿ ಯಾವ ಅಮೈನೋ ಆಮ್ಲ ಇದೆ ನೋಡಿ ಬರೆದಿಡಿ, ಈಗಲೇ ಬೇಕಾಗುತ್ತದೆ. ಆಮೇಲೆ ಪ್ರೊಟೀನ್ ಡೇಟಾ ಬ್ಯಾಂಕ್‌ಗೆ ಹೋಗಿ 1ಇಜೆ5 ಮತ್ತು 1ಸಿಇಇ ಎಂಬ ಎರಡು ರಚನೆ ತೆರೆಯಿರಿ. ಮೊದಲನೆಯದು ವಾಸ್ಪ್ ಮುಚ್ಚಿಕೊಂಡಾಗಿನ ರೂಪ, ಎರಡನೆಯದು ಸಿಡಿಸಿ42 ಬಂದು ಕೂತಾಗಿನ ರೂಪ. ಬೆರಳಿನಿಂದ ತಿರುಗಿಸಿ ತಿರುಗಿಸಿ ನೋಡಿ. ಅದೇ ಜಿಬಿಡಿ ಎರಡರಲ್ಲೂ ಬೇರೆ ಬೇರೆ ರೂಪ ತಾಳಿದೆ.

ನಿಜವಾದ ಕೋಶದಲ್ಲಿ ಆಕ್ಟಿನ್ ನೋಡಬೇಕೆಂದರೆ ಹೊಳೆಯುವ ಫ್ಯಾಲೊಯಿಡಿನ್ ಬೇಕು. ಇದು ಒಂದು ವಿಷದ ಅಣಬೆಯಿಂದ ಬಂದದ್ದು, ಬೆಲೆಯೂ ಜಾಸ್ತಿ. ಇದಕ್ಕೆ ಫ್ಲೋರೆಸೆನ್ಸ್ ಮೈಕ್ರೋಸ್ಕೋಪೂ ಬೇಕು. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಬೆಳಗಾವಿಯಲ್ಲಿ ಐಸಿಎಂಆರ್‌ನ ಸಂಸ್ಥೆಯೂ ಒಂದಿದೆ. ನೇರ ಹೋಗಿ ಬಾಗಿಲು ತಟ್ಟುವುದಕ್ಕಿಂತ ವಿಭಾಗದ ಮುಖ್ಯಸ್ಥರಿಂದ ಪತ್ರ ಬರೆಸಿಕೊಂಡು ಹೋದರೆ ಕೆಲಸ ಆಗುವ ಸಂಭವ ಹೆಚ್ಚು.

ಕೆಟ್ಟರೆ ಏನಾಗುತ್ತದೆ

ವಾಸ್ಪ್ ಹೆಸರು ಬಂದದ್ದೇ ವಿಸ್ಕಾಟ್-ಆಲ್ಡ್ರಿಚ್ ಸಿಂಡ್ರೋಮ್ ಎಂಬ ಕಾಯಿಲೆಯಿಂದ. 1937ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಸ್ಕಾಟ್ ಒಂದೇ ಮನೆಯ ಮೂವರು ಗಂಡುಮಕ್ಕಳಲ್ಲಿ ಇದನ್ನು ಗುರುತಿಸಿದರು. 1954ರಲ್ಲಿ ಅಮೆರಿಕದ ರಾಬರ್ಟ್ ಆಲ್ಡ್ರಿಚ್ ಇದು ತಾಯಿಯ ಎಕ್ಸ್ ಕ್ರೋಮೋಸೋಮಿನಿಂದ ಗಂಡುಮಕ್ಕಳಿಗೆ ಬರುತ್ತದೆ ಎಂದು ತೋರಿಸಿದರು. 1994ರಲ್ಲಿ ಜೀನ್ ಸಿಕ್ಕಿತು. ಲಕ್ಷಣ ಮೂರು: ಪ್ಲೇಟ್‌ಲೆಟ್ ಕಡಿಮೆ ಮತ್ತು ಗಾತ್ರದಲ್ಲೂ ಸಣ್ಣ, ಹಾಗಾಗಿ ರಕ್ತಸ್ರಾವ. ಚರ್ಮದ ಮೇಲೆ ಎಸ್ಜಿಮಾ. ಮತ್ತೆ ಮತ್ತೆ ಸೋಂಕು. ವಾಸ್ಪ್ ರಕ್ತದ ಕೋಶಗಳಲ್ಲಿ ಮಾತ್ರ ಇರುವುದು ಎಂದು ಮೇಲೆ ಹೇಳಿದ್ದೆ. ತೊಂದರೆಯ ಬೇರು ರಕ್ತ ಮತ್ತು ರೋಗನಿರೋಧಕ ಶಕ್ತಿಯಲ್ಲೇ ಇರುವುದು ಅದಕ್ಕೇ. ಅಸ್ಥಿಮಜ್ಜೆಯ ಕಸಿ ಇದಕ್ಕೆ ಚಿಕಿತ್ಸೆ. ಗಂಡುಮಗುವಿಗೆ ಈ ಮೂರೂ ಒಟ್ಟಿಗೆ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಮಕ್ಕಳ ಡಾಕ್ಟರರಿಗೆ ತೋರಿಸಬೇಕು.

ಇನ್ನು ಆ 270ನೇ ಜಾಗ. ಅಲ್ಲಿ ಲ್ಯೂಸೀನ್ ಇದೆ, ಅದು ಜಿಬಿಡಿ ಒಳಗೇ ಬೀಳುತ್ತದೆ. ಒಂದು ಕುಟುಂಬದಲ್ಲಿ ಅದು ಪ್ರೋಲೀನ್ ಆಗಿ ಬದಲಾಗಿರುವುದು 2001ರಲ್ಲಿ ವರದಿಯಾಯಿತು. ಇವರಿಗೆ ಪ್ಲೇಟ್‌ಲೆಟ್ ತೊಂದರೆ ಇಲ್ಲ, ಎಸ್ಜಿಮಾ ಇಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಮಾತ್ರ ತೀರಾ ಕಡಿಮೆ. ಕಾರಣ, ಬಾಲವನ್ನು ಒತ್ತಿ ಹಿಡಿಯುವ ಹಿಡಿತವೇ ಸಡಿಲವಾಗಿದೆ. ವಾಸ್ಪ್ ಯಾವಾಗಲೂ ತೆರೆದೇ ಇರುತ್ತದೆ. ವಾಸ್ಪ್ ಇಲ್ಲದಿದ್ದರೆ ಒಂದು ಕಾಯಿಲೆ, ಮುಚ್ಚದಿದ್ದರೆ ಇನ್ನೊಂದು ಕಾಯಿಲೆ. ಹಾಳೆ ಮಡಿಚಿ ನೋಡಿದವರಿಗೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ.

ವೈವಾಕ್ಕೆ ಹೋಗುವ ಮುಂಚೆ

ಗೆಳೆಯರನ್ನೋ ಗೆಳತಿಯರನ್ನೋ ಕೂರಿಸಿಕೊಂಡು ಈ ಪ್ರಶ್ನೆಗಳಿಗೆ ಕನ್ನಡದಲ್ಲೇ ಬಾಯಿಬಿಟ್ಟು ಉತ್ತರ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ವಿಸಿಎ ತುಂಡನ್ನು ಮಾತ್ರ ಕೋಶದೊಳಗೆ ಹಾಕಿದರೆ ಆಕ್ಟಿನ್ ಎಲ್ಲಿ ಬೆಳೆಯುತ್ತದೆ? ಕೊಫಿಲಿನ್‌ನ 3ನೇ ಸೆರೀನನ್ನು ಅಲನಿನ್ ಮಾಡಿದರೆ ಲಿಮ್ ಕೈನೇಸ್‌ಗೆ ಮಾಡಲು ಏನಾದರೂ ಉಳಿಯುತ್ತದೆಯೇ? ಲಿಸ್ಟೀರಿಯಾ ಬ್ಯಾಕ್ಟೀರಿಯಾ ತನ್ನ ಮೈಮೇಲಿನ ಆಕ್ಟ್‌ಎ ಪ್ರೊಟೀನಿನಿಂದ ನೇರವಾಗಿ ಆರ್ಪ್2/3 ಎಬ್ಬಿಸುತ್ತದೆ. ಶಿಗೆಲ್ಲಾ ತನ್ನ ಐಸಿಎಸ್‌ಎ ಪ್ರೊಟೀನಿನಿಂದ ನಮ್ಮ ಎನ್-ವಾಸ್ಪ್ ಅನ್ನೇ ಹಿಡಿದು ಕೆಲಸ ಮಾಡಿಸುತ್ತದೆ. ಹಾಗಾದರೆ ಎನ್-ವಾಸ್ಪ್ ಇಲ್ಲದ ಕೋಶದಲ್ಲಿ ಇವೆರಡರಲ್ಲಿ ಯಾವುದು ಓಡಾಡುತ್ತದೆ, ಯಾವುದು ನಿಂತಲ್ಲೇ ನಿಲ್ಲುತ್ತದೆ? ಈ ಕೊನೆಯ ಪ್ರಶ್ನೆ ಪರೀಕ್ಷಕರಿಗೆ ಬಹಳ ಇಷ್ಟ.